ಅಂಬುಜಾ ಡಾಕ್ಟರರ ಹನ್ನೆರಡು ಗಾಲಿಗಳು

ಡಾಕ್ಟರ್ ಅಂಬುಜಾ ಧಾರವಾಡದ ಮಾಳಮಡ್ಡಿಯವರು. ಲಂಡನ್ನಿನ ದಕ್ಷಿಣ ಅಂಚಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅರಿವಳಿಕೆ ಕೊಡುವ ಕೆಲಸ ಅವರದು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರಿಗೆ ‘ಹತ್ತರಿಂದ ಹಿಂದಕ್ಕೆ ಎಣಿಸಿ’ ಎನ್ನುತ್ತಿದ್ದರು, ಏಳು ಬರುವುದರೊಳಗೆ ಅವರು ನಿದ್ದೆ ಹೋಗುತ್ತಿದ್ದರು. ಟ್ಯೂಬ್ ರೈಲಿನ ಮುಷ್ಕರವಿರಲಿ, ಮೈಯಲ್ಲಿ ಜ್ವರವಿರಲಿ, ಈ ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ದಿನವೂ ಕೆಲಸ ತಪ್ಪಿಸಿದವರಲ್ಲ. ಆ ದಾಖಲೆ ಮುರಿದದ್ದು ಎರಡು ಸಾವಿರದ ಒಂಬತ್ತನೆಯ ಇಸವಿಯ ಫೆಬ್ರವರಿ ಎರಡರಂದು, ಸೋಮವಾರ ಬೆಳಗ್ಗೆ ಏಳೂವರೆಗೆ.

ಹಿಂದಿನ ಸಂಜೆಯಿಂದ ಹಿಮ ಸುರಿದಿತ್ತು. ಅವರ ಮನೆಯಿದ್ದದ್ದು ಅಪ್ಪರ್ ನಾರ್ವುಡ್ಡಿನಲ್ಲಿ, ಗೋಡೆಗೆ ಏಣಿ ಒರಗಿಸಿಟ್ಟಂಥ ಕಡಿದಾದ ಒಂದು ರಸ್ತೆಯ ಮೇಲ್ತುದಿಯಲ್ಲಿ. ಅಂಬುಜಾ ಬೂದು ಬಣ್ಣದ ತಮ್ಮ ಹಳೆಯ ಕರೊಲಾ ಹತ್ತಿ, ಸೀಟ್‌ಬೆಲ್ಟ್ ಕಟ್ಟಿ, ಮೇಲಿನ ದೊಡ್ಡ ರಸ್ತೆಯ ಕಡೆ ತಿರುಗಿಸಬೇಕು ಅನ್ನುವಷ್ಟರಲ್ಲಿ ಕಾರು ತನ್ನಷ್ಟಕ್ಕೆ ತಾನೇ ಕೆಳಮುಖವಾಗಿ ಹೊರಟಿತು. ಬ್ರೇಕ್ ಒತ್ತಿದರು. ಗಾಲಿಗಳು ನಿಂತವು, ಕಾರು ನಿಲ್ಲಲಿಲ್ಲ. ಅದು ಅಡ್ಡಡ್ಡ ತಿರುಗಿ, ಮನುಷ್ಯರು ವಾಯುವಿಹಾರಕ್ಕೆ ಹೋಗುವ ವೇಗದಲ್ಲಿ ಜಾರತೊಡಗಿತು.

ಪಕ್ಕದ ಮನೆಯ ನಿವೃತ್ತ ಶಾಲಾ ಮಾಸ್ತರು ಮಿಸ್ಟರ್ ಪೆಟಿಫರ್ ಅದೇ ಹೊತ್ತಿಗೆ ಪೇಪರು ತರಲು ಹೊರಟಿದ್ದರು. ಅವರು ಕಾರಿನ ಪಕ್ಕದಲ್ಲೇ ನಡೆಯತೊಡಗಿದರು.

“ಗುಡ್ ಮಾರ್ನಿಂಗ್ ಡಾಕ್ಟರ್. ಕೆಲಸಕ್ಕೆ ಹೊರಟಿರಾ?”

ಅಂಬುಜಾ ಕಿಟಕಿ ಇಳಿಸಿದರು. ಮಾತಾಡಿಸಿದವರಿಗೆ ಕಿಟಕಿ ಇಳಿಸದೆ ಉತ್ತರ ಕೊಡುವುದು ಅವರ ಜಾಯಮಾನವಲ್ಲ. “ಹೌದು ಮಿಸ್ಟರ್ ಪೆಟಿಫರ್.”

“ಆಸ್ಪತ್ರೆ ಆ ಕಡೆಗಲ್ಲವೇ?”

“ಆಸ್ಪತ್ರೆ ಆ ಕಡೆಗೇ. ಕಾರು ಈ ಕಡೆಗೆ ಹೊರಟಿದೆ.”

ಪೆಟಿಫರ್ ತಲೆದೂಗಿ, ತಮ್ಮ ಕ್ಯಮೀಲಿಯಾ ಗಿಡಕ್ಕೆ ಈ ಚಳಿ ಒಳ್ಳೆಯದಲ್ಲವೆಂದು ಹೇಳಿದರು. ಅಂಬುಜಾ ಸ್ಟಿಯರಿಂಗ್ ಬಿಗಿಹಿಡಿದು, ಹೌದೌದು ಪಾಪ ಎಂದರು. ಹೀಗೆ ಇಬ್ಬರೂ ಗಿಡದ ವಿಷಯ ಮಾತಾಡುತ್ತ ರಸ್ತೆಯ ಕೊನೆ ಮುಟ್ಟಿದರು. ಅಲ್ಲಿ ಹಿಮ ಬಿದ್ದಾಗ ಎರಚಲೆಂದು ಅಲ್ಲಿನ ನಗರಸಭೆಯಾದ ಕೌನ್ಸಿಲ್‌ನವರು ಉಪ್ಪು ತುಂಬಿಡುವ ಹಳದಿ ಪೆಟ್ಟಿಗೆಯೊಂದಿತ್ತು. ಕಾರು ಅದಕ್ಕೆ ಮೆಲ್ಲಗೆ ಒರಗಿ ನಿಂತಿತು. ಪೆಟಿಫರ್ ಮುಚ್ಚಳ ತೆಗೆದು ಇಣುಕಿದರು. ಒಳಗೆ ಉಪ್ಪಿರಲಿಲ್ಲ.

ಅಂದು ಬಸ್ಸೂ ಇರಲಿಲ್ಲ, ರೈಲೂ ಇರಲಿಲ್ಲ. ಮರುದಿನ ಆಸ್ಪತ್ರೆಗೆ ಹೋದಾಗ ತಿಳಿದ ಸಂಗತಿ ಅಂಬುಜಾರ ಊಟ ಕೆಡಿಸಿತು. ಹರ್ನಿಯಾ ಆಪರೇಷನ್ನಿಗೆಂದು ಉಪವಾಸವಿದ್ದ ಎಪ್ಪತ್ತೆಂಟು ವರ್ಷದ ಮುದುಕರೊಬ್ಬರು ಹಿಮದಲ್ಲಿ ಎರಡು ಮೈಲು ನಡೆದು ಬಂದಿದ್ದರಂತೆ. ಸರ್ಜನ್ ಇದ್ದರು, ನರ್ಸ್ ಇದ್ದರು, ಮಲಗಿಸುವವರೇ ಇರಲಿಲ್ಲ. ಕೊನೆಗೆ ಕೈಗೊಂದು ಚೀಸ್ ಸ್ಯಾಂಡ್‌ವಿಚ್ ಕೊಟ್ಟು ಕಳಿಸಿದರಂತೆ.

“ಏನ್ರೀ, ಉಪಾಸ ಇದ್ದ ಮುದುಕ ಎರಡು ಮೈಲು ನಡಕೋತ ಬಂದಾನ,” ಎಂದರು ಗಂಡನಿಗೆ. “ನಾ ನೋಡಿದ್ರ ಉಪ್ಪಿನ ಡಬ್ಬಿಗೆ ಆನಿಕೊಂಡು ಕೂತಿದ್ದೆ. ನನಗ ಇದು ತಡಕೊಳ್ಳಿಕ್ಕೆ ಆಗಂಗಿಲ್ಲ. ಹಿಮದಾಗ ಓಡೂ ಗಾಲಿ ತರೋಣು.”

ಗಂಡ ತಿರುಮಲೇಶ ಮೈಸೂರಿನವರು. ಅಂಬುಜಾರಿಗೆ ಗಾಲಿಯಾದದ್ದು ಅವರಿಗೆ ಚಕ್ರ. ಕೌನ್ಸಿಲ್‌ನಲ್ಲಿ, ಮನೆಗಳನ್ನು ಅನುಮತಿಯಿಲ್ಲದೆ ಅಂಗಡಿ ಮಾಡಿಕೊಂಡವರಿಗೆ ನೋಟಿಸು ಕಳಿಸುವ ವಿಭಾಗದಲ್ಲಿ ಅವರಿಗೆ ನೌಕರಿ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆರು ಸಲ ಪರೀಕ್ಷೆಗೆ ಕೂತಿದ್ದರು, ಆರನೆಯ ಸಲ ಪರೀಕ್ಷಕರೇ ಅರ್ಧ ದಾರಿಯಲ್ಲಿ ಇಳಿದು ನಡೆದು ಹೋಗಿದ್ದರು. ಆದರೆ ಸಾಮಾನು ಕೊಳ್ಳುವುದೆಂದರೆ ಅವರಿಗೆ ಎಲ್ಲಿಲ್ಲದ ಉಮೇದು. “ನಡಿ ಕಣೇ, ಚಕ್ರ ತಾನೆ, ಅದೇನ್ ಮಹಾ!” ಎಂದು ಕೋಟು ಹಾಕಿಕೊಂಡೇ ಬಿಟ್ಟರು.

ರೈಲು ಸೇತುವೆಯ ಕಮಾನಿನಡಿ ಸೈಪ್ರಸ್ಸಿನ ಕೋಸ್ಟಾ ಎಂಬವನ ಟೈರ್ ಅಂಗಡಿಯಿತ್ತು. ಅಂಬುಜಾ ವಿಷಯ ಹೇಳಿದರು. ಕೋಸ್ಟಾ ಅವರ ಮಾತು ಪೂರ್ತಿ ಕೇಳಿ, ತಿರುಮಲೇಶರ ಕಡೆ ತಿರುಗಿದ.

“ಯಾವ ಕಾರು, ಸರ್?”

“ಬೂದು ಬಣ್ಣದ್ದು,” ಎಂದರು ತಿರುಮಲೇಶ.

ಅಲ್ಲಿಂದ ಮುಂದೆ ಕೋಸ್ಟಾ ಅಂಬುಜಾರ ಜೊತೆಗೇ ಮಾತಾಡಿದ. ಮಾಮೂಲಿ ಟೈರಿನ ರಬ್ಬರು ಏಳು ಡಿಗ್ರಿಯ ಕೆಳಗೆ ಕಲ್ಲಾಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಇದ್ದು ನೆಲ ಕಚ್ಚುತ್ತದೆ. ಹಾಕಿದರೆ ನಾಲ್ಕಕ್ಕೂ ಹಾಕಬೇಕು, ಮುಂದಕ್ಕೆರಡೇ ಹಾಕಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡುತ್ತದೆ. ಬರೀ ಟೈರು ಕೊಂಡರೆ ವರ್ಷಕ್ಕೆರಡು ಸಲ ಕಿತ್ತು ಕೂರಿಸಲು ತನಗೇ ದುಡ್ಡು ಕೊಡಬೇಕು. ಬದಲಿಗೆ ಉಕ್ಕಿನ ರಿಮ್ಮಿನ ಸಮೇತ ಗಾಲಿಯೇ ಕೊಂಡರೆ ಬೋಲ್ಟು ಬಿಚ್ಚಿ ಕಟ್ಟಿದರೆ ಆಯಿತು. ಹೊಸದು ತೆಗೆದುಕೊಂಡರೆ ಗಾಲಿಯ ಬೆಲೆ ಕಾರಿಗಿಂತ ಹೆಚ್ಚಾಗುತ್ತದೆ, ಹಳೆಯದು ಹುಡುಕಿ ಎಂದ. ಟೈರು ತಯಾರಾದ ವಾರ ಮತ್ತು ವರ್ಷ ಅದರ ಮಗ್ಗುಲಲ್ಲಿ ನಾಲ್ಕು ಅಂಕೆಯಲ್ಲಿ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಬೇಕು ಎಂದೂ ಹೇಳಿದ. ಆಮೇಲೆ ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರೆದ. ಹದಿನೈದು, ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಾಲ್ಕು, ಅಂದರೆ ಬೋಲ್ಟಿನ ತೂತುಗಳು. ನೂರು, ಅಂದರೆ ಎದುರುಬದುರಿನ ತೂತುಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ.

ಚೀಟಿಯನ್ನು ತಿರುಮಲೇಶ ಜೋಪಾನವಾಗಿ ಕೋಟಿನ ಒಳಜೇಬಿನಲ್ಲಿ, ರಾಘವೇಂದ್ರಸ್ವಾಮಿಗಳ ಫೋಟೋದ ಹಿಂದೆ ಇಟ್ಟುಕೊಂಡರು. ಏಪ್ರಿಲ್‌ನಲ್ಲಿ ಸೌತ್‌ಹಾಲ್‌ನಲ್ಲೊಬ್ಬ ಹಳೆಯ ಗಾಲಿ ಮಾರುತ್ತಾನೆಂದು ಸುದ್ದಿ ಬಂದು ಹೊರಟಾಗ ಬಿಸಿಲಿತ್ತು. ಕೋಟು ಮನೆಯಲ್ಲೇ ಉಳಿಯಿತು.

“ಹದಿನೈದಿಂಚು, ನಾಲ್ಕು ತೂತು, ನೂರ ಚಿಲ್ಲರೆ,” ಎಂದರು ತಿರುಮಲೇಶ, ಬ್ರಾಡ್‌ವೇ ರಸ್ತೆಯ ಹಿಂದಿನ ಆ ಶೆಡ್ಡಿನಲ್ಲಿ ನಿಂತು.

“ಚಿಲ್ಲರೆ ಇತ್ತೇನ್ರೀ?” ಅಂಬುಜಾರಿಗೆ ಅನುಮಾನ.

“ಇತ್ತು ಕಣೇ. ಬರೀ ನೂರು ಅಂತ ಯಾರಾದ್ರೂ ಅಳತೆ ಇಡ್ತಾರಾ?”

ಮಾರುವವ ಗಾಲಿಯ ಒಳಮೈ ಒರೆಸಿ ಓದಿದ. “ನೂರೆಂಟು.”

“ನೂರೆಂಟು!” ತಿರುಮಲೇಶ ಹೆಂಡತಿಯ ಕೈ ಹಿಡಿದುಕೊಂಡರು. “ಅಷ್ಟೋತ್ತರ ಕಣೇ ಅಂಬುಜಾ! ಇದಕ್ಕಿಂತ ಶುಭ ಸಂಖ್ಯೆ ಎಲ್ಲಿ ಸಿಗುತ್ತೆ? ನಾಲ್ಕು ಚಕ್ರ, ನಾಲ್ಕು ಅಷ್ಟೋತ್ತರ!”

ಡಿಕ್ಕಿಯಲ್ಲಿ ಒಂದೇ ಗಾಲಿ ಹಿಡಿಸಿತು, ಉಳಿದ ಜಾಗ ಅದಾಗಲೇ ಕೊಂಡಿದ್ದ ಇಪ್ಪತ್ತು ಕಿಲೋ ಅಕ್ಕಿ ಮೂಟೆಯದು. ಎರಡನ್ನು ಹಿಂದಿನ ಸೀಟಿನಲ್ಲಿ, ಒಂದನ್ನು ಮುಂದೆ ಕೂರಿಸಿದರು. ಮುಂದಿನ ಗಾಲಿಗೆ ಸೀಟ್‌ಬೆಲ್ಟ್ ಹಾಕದಿದ್ದರೆ ಕಾರು ಕುಯ್ಯೆಂದು ಕೂಗುತ್ತಿತ್ತು, ಹಾಕಿದರು. ತಿರುಮಲೇಶ ಮೂರು ಬಸ್ಸು ಬದಲಾಯಿಸಿ ಮನೆ ಸೇರಿದರು.

ಮಾರನೆಯ ದಿನ ಕೋಸ್ಟಾ ಗಾಲಿಯನ್ನು ಎತ್ತಿ ಹಿಡಿದ, ತಿರುಗಿಸಿದ, ಇಳಿಸಿದ. “ಎಂಟು ಮಿಲಿಮೀಟರ್, ಮೇಡಂ. ಈ ಗಾಲಿ ಬೇರೆ ಕಾರಿನದು.” ಸೌತ್‌ಹಾಲ್‌ಗೆ ಫೋನು ಮಾಡಿದರೆ, ಮಾರಿದವ ಮದುವೆಗೆಂದು ಜಲಂಧರಕ್ಕೆ ಹೋಗಿದ್ದಾನೆ, ಯಾರ ಮದುವೆ ಎನ್ನುವುದು ಇನ್ನೂ ಗೊತ್ತಾಗಿಲ್ಲ ಎಂಬ ಉತ್ತರ ಬಂತು. ನಾಲ್ಕು ಅಷ್ಟೋತ್ತರಗಳು ಮುಂಬಾಗಿಲ ಒಳಗೆ, ಶೂ ಬಿಡುವ ಜಾಗದಲ್ಲಿ ಒಂದರ ಮೇಲೊಂದು ಕೂತವು.

ಕನ್ನಡ ಬಳಗದ ಒಂದು ಊಟದಲ್ಲಿ ಈ ಕಥೆ ಕೇಳಿ ಮರುಗಿದವನು ಋಷಿಕೇಶ್. ಬೆಂಗಳೂರಿನ ಹುಡುಗ, ಕ್ಯಾನರಿ ವಾರ್ಫ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. “ಆಂಟಿ, ನೀವು ಎಮೋಷನಲ್ ಆಗಿ ಪರ್ಚೇಸ್ ಮಾಡಿದೀರ,” ಎಂದ. “ನಾನು ಡೇಟಾ ತೆಗೀತೀನಿ.” ತೆಗೆದ. ಇಪ್ಪತ್ತಾರು ಬಗೆಯ ಗಾಲಿಗಳನ್ನು ಹನ್ನೊಂದು ಗುಣಗಳಿಗೆ ಅಂಕ ಕೊಟ್ಟು ಜೋಡಿಸಿದ ಪಟ್ಟಿ ಅದು, ಪ್ರಿಂಟ್ ತೆಗೆದರೆ ಊಟದ ಮೇಜು ತುಂಬಿತು. ಜುಲೈನಲ್ಲಿ ಇಂಟರ್‌ನೆಟ್ಟಿನ ಹರಾಜಿನಲ್ಲಿ ತಾನೇ ಕೂಗಿ ಗೆದ್ದ. ಗಾಲಿಗಳು ದಿನಕ್ಕೊಂದರಂತೆ ನಾಲ್ಕು ದಿನ ಕೊರಿಯರಿನಲ್ಲಿ ಬಂದವು. ನಾಲ್ಕು ತೂತು, ಅಂತರ ನೂರೇ. ಅಂಬುಜಾ ಟೇಪು ಹಿಡಿದು ನೋಡಿದರು. ಗಾಲಿ ಯಾಕೋ ಪುಟ್ಟದಾಗಿ ಕಂಡಿತು.

“ಋಷಿಕೇಶ್, ಹದಿನೈದು ಇಂಚು ಹೌದಲ್ಲೋ?”

“ಇಲ್ಲ ಆಂಟಿ, ಹದಿಮೂರು. ಇಂಚು ಕಮ್ಮಿ ಆದ್ರೆ ರೇಟೂ ಕಮ್ಮಿ. ಅಲ್ಲೇ ನಾನು ಆಪ್ಟಿಮೈಸ್ ಮಾಡಿದ್ದು.”

ಹದಿಮೂರು ಇಂಚಿನ ರಿಮ್ಮಿನೊಳಗೆ ಕರೊಲಾದ ಬ್ರೇಕೇ ಹಿಡಿಸಲಿಲ್ಲ. ಬ್ರೇಕು ತೆಗೆದುಬಿಟ್ಟರೆ ಹಿಡಿಸುತ್ತದೆ ಎಂದ ಕೋಸ್ಟಾ. ಅಂಬುಜಾ ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ.

ಶ್ರಾವಣದ ಸತ್ಯನಾರಾಯಣ ಪೂಜೆಗೆ ಬಂದವರು ಎಂಟು ಗಾಲಿಗಳ ನಡುವೆ ಸೀರೆ ಎತ್ತಿಕೊಂಡು ದಾಟಿ ಒಳಗೆ ಬಂದರು. ಅಂಬುಜಾರ ದೂರದ ಸಂಬಂಧಿ, ಮಗಳ ಬಾಣಂತನಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ಶಿವಕ್ಕ, ನೆಲಕ್ಕೆ ಕೂರಲಾರದೆ ಎರಡು ಗಾಲಿಗಳ ಮೇಲೆ ಪಂಚೆ ಹಾಸಿ ಕೂತು ಪೂಜೆ ಪೂರ್ತಿ ನೋಡಿದರು.

“ಭಾಳ ಛಲೋ ಕುರ್ಚಿ ಅದ ನೋಡವಾ,” ಎಂದರು ಪ್ರಸಾದ ತಿನ್ನುತ್ತ. “ಡಾಕ್ಟರಕಿ ಬಿಟ್ಟು ಇದನ್ನ ಹಿಡದ್ರೇನು? ಇರ್ಲಿ, ಯಾವ ಧಂದೇನೂ ಕಡಿಮಿ ಅಲ್ಲ.”

ಆ ವಾರವೇ ನಾಲ್ಕು ಗಾಲಿಗಳನ್ನು ಮುಂದಿನ ಅಂಗಳಕ್ಕೆ ಸಾಗಿಸಿದರು. ಅದು ದೊಡ್ಡ ತಪ್ಪಾಯಿತು. ಸೆಪ್ಟೆಂಬರಿನಲ್ಲಿ ಕೌನ್ಸಿಲ್‌ನಿಂದ ಒಂದು ಕಾಗದ ಬಂತು: ಸದರಿ ವಾಸದ ಮನೆಯಲ್ಲಿ ಅನುಮತಿಯಿಲ್ಲದೆ ಟೈರು ವ್ಯಾಪಾರ ನಡೆಯುತ್ತಿರುವುದಾಗಿ ದೂರು ಬಂದಿದೆ, ಅಧಿಕಾರಿಗಳು ಗುರುವಾರ ಹತ್ತು ಗಂಟೆಗೆ ಸ್ಥಳ ಪರಿಶೀಲಿಸುವರು.

ಅಂಬುಜಾ ಕಾಗದದ ಕೊನೆ ನೋಡಿದರು. ಸಹಿ: ತಿರುಮಲೇಶ.

“ಏನ್ರೀ ಇದು?”

“ನಾನೇ ಕಣೇ,” ಎಂದರು ತಿರುಮಲೇಶ ತಲೆ ತಗ್ಗಿಸಿ. “ದೂರು ನನ್ನ ಟೇಬಲ್ಲಿಗೇ ಬಂತು. ಇದು ನಮ್ಮ ಮನೆ, ಬೇರೆಯವರಿಗೆ ಕೊಡಿ ಅಂತ ಬರೆದುಕೊಟ್ಟೆ. ಜನ ಇಲ್ಲ, ನಿಷ್ಪಕ್ಷಪಾತವಾಗಿ ನೀವೇ ಮಾಡಿ ಅಂದ್ರು.”

“ಮನಿಯಾಗ ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನು?”

“ವಿಚಾರಣೆ ಗುಟ್ಟಾಗಿಡಬೇಕು ಅಂಬುಜಾ. ನನ್ನ ಮನೆಯವರಿಗೆ ಹೇಳೋ ಹಾಗಿಲ್ಲ.”

ಗುರುವಾರ ಬೆಳಗ್ಗೆ ತಿರುಮಲೇಶ ತಿಂಡಿ ತಿಂದು ಆಫೀಸಿಗೆ ಹೋದರು. ಹತ್ತು ಗಂಟೆಗೆ ಸರಿಯಾಗಿ ವಾಪಸು ಬಂದು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ತಮ್ಮ ಮನೆಯ ಕರೆಗಂಟೆ ಒತ್ತಿದರು. ಅಂದು ರಜೆ ಹಾಕಿದ್ದ ಅಂಬುಜಾ ಬಾಗಿಲು ತೆರೆದರು. ಅವರು ಚೀಟಿ ಎತ್ತಿ ತೋರಿಸಿದರು. ಅಂಬುಜಾ ಅದನ್ನು ಓದಿ, “ಬರ್ರಿ ಸಾಹೇಬ್ರ,” ಎಂದರು.

ಸಾಹೇಬರು ಗಾಲಿಗಳನ್ನು ಎಣಿಸಿದರು, ಫೋಟೋ ತೆಗೆದರು. ಇವನ್ನು ಮಾರುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರಾದರೂ ತೆಗೆದುಕೊಂಡರೆ ಕಾಲಿಗೆ ಬೀಳುತ್ತೇನೆ ಎಂದರು ಅಂಬುಜಾ. ಅವರು ಅದನ್ನು ಬರೆದುಕೊಂಡರು. ಚಹಾ ಕೊಡಲು ಹೋದರೆ, ಕೆಲಸದ ಮೇಲೆ ಬಂದವರು ಆತಿಥ್ಯ ಸ್ವೀಕರಿಸುವಂತಿಲ್ಲ ಎಂದರು. ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಬಿದ್ದ ವಾಸನೆಗೆ ಒಂದು ಗಳಿಗೆ ಹೊಸ್ತಿಲಲ್ಲಿ ತಡೆದರು, ಆದರೂ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟರು. ಅಂಗಳವನ್ನು ಇಪ್ಪತ್ತೊಂದು ದಿನದಲ್ಲಿ ತೆರವು ಮಾಡಬೇಕೆಂಬ ಆದೇಶ ಶನಿವಾರದ ಅಂಚೆಯಲ್ಲಿ ಬಂತು. ಗಂಡ ಹೆಂಡತಿ ಇಬ್ಬರ ಹೆಸರಿಗೂ ಇತ್ತು. ತಿರುಮಲೇಶ ತಮ್ಮ ಪ್ರತಿಯನ್ನು ಸಹಿ ಮಾಡಿ ಪಡೆದುಕೊಂಡರು.

ಇಪ್ಪತ್ತನೆಯ ದಿನ, ಹದಿಮೂರು ಇಂಚಿನ ನಾಲ್ಕನ್ನು ಕೋಸ್ಟಾ ದಯೆಯಿಂದ ಒಯ್ದ. ಅಷ್ಟೋತ್ತರಗಳನ್ನು ಮಿಸ್ಟರ್ ಪೆಟಿಫರ್ ತಾವೇ ಬಂದು ಕೇಳಿದರು. ಟೈರುಗಳೊಳಗೆ ಮಣ್ಣು ತುಂಬಿ ಆಲೂಗಡ್ಡೆ ಬೆಳೆಯಬಹುದಂತೆ. “ದೂರು ಕೊಟ್ಟವನು ನಾನೇ ಡಾಕ್ಟರ್,” ಎಂದರು ಸಂಕೋಚದಿಂದ. “ಗಾಲಿ ಬೇಕೆಂದು ನೇರವಾಗಿ ಹೇಗೆ ಕೇಳುವುದೆಂದು ತಿಳಿಯಲಿಲ್ಲ.”

ಇಷ್ಟಾದರೂ ಅಂಬುಜಾ ಹಟ ಬಿಡಲಿಲ್ಲ. ಚೀಸ್ ಸ್ಯಾಂಡ್‌ವಿಚ್ ಹಿಡಿದು ಹಿಮದಲ್ಲಿ ಹಿಂದಿರುಗಿದ ಮುದುಕರನ್ನು ನೆನೆದಾಗಲೆಲ್ಲ ಅವರ ಎದೆ ಚುರುಕ್ಕೆನ್ನುತ್ತಿತ್ತು. ನವೆಂಬರಿನಲ್ಲಿ ಒಂದು ದಿನ ಅವರಿಗೇ ಹೊಳೆಯಿತು. ಹಿಮದ ಗಾಲಿ ಬೇಕಾದರೆ ಹಿಮದ ಜನರನ್ನೇ ಕೇಳಬೇಕು. ರಾದರ್‌ಹೈತ್‌ನಲ್ಲಿ ಫಿನ್‌ಲೆಂಡಿನವರ ಚರ್ಚು ಇದೆ, ಕ್ರಿಸ್‌ಮಸ್ಸಿಗೆ ಮುಂಚೆ ಅಲ್ಲಿ ಸಂತೆ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಕೇಳಿದ್ದರು. ಈ ಸಲ ಮೂರು ಸಂಖ್ಯೆಗಳನ್ನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡು, ಬಟ್ಟೆ ಅಳೆಯುವ ಟೇಪನ್ನು ಪರ್ಸಿನಲ್ಲಿಟ್ಟುಕೊಂಡು, ಗಂಡನ ಜೊತೆ ಹೋದರು.

ಚರ್ಚಿನವರು ಎಸ್ಕೊ ಎಂಬ ಮುದುಕರನ್ನು ತೋರಿಸಿದರು. ಅವರ ಕರೊಲಾ ತುಕ್ಕು ಹಿಡಿದು ಹೋಗಿತ್ತು, ಚಳಿಗಾಲದ ನಾಲ್ಕು ಗಾಲಿ ಮಾತ್ರ ಗ್ಯಾರೇಜಿನಲ್ಲಿ ಹಾಗೇ ಇದ್ದವು. ಆದರೆ ಎಸ್ಕೊ ಕೂಡಲೇ ತೋರಿಸಲಿಲ್ಲ. ತಮ್ಮ ಮನೆಗೆ ಬಂದ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿ, ಕಾಫಿ ಕೊಟ್ಟು, ಸಂಬಂಧ ಕೇಳಿಕೊಂಡು ಬಂದವರನ್ನು ನೋಡುವ ಹಾಗೆ ನೋಡಿದರು.

“ನಿಮ್ಮಲ್ಲಿ ಹಿಮ ಎಷ್ಟು ಬೀಳುತ್ತದೆ?”

“ಈ ವರ್ಷ ಎರಡು ದಿನ,” ಎಂದರು ಅಂಬುಜಾ.

ಎಸ್ಕೊ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದರು. ಅದು ಮುಗಿಯುವುದರೊಳಗೆ ತಿರುಮಲೇಶ ನೂರೆಂಟರ ಮಹಿಮೆ, ಹದಿಮೂರು ಇಂಚು, ಕೌನ್ಸಿಲ್ ನೋಟಿಸು, ಮೈಸೂರಿನ ಚಳಿ ಎಲ್ಲವನ್ನೂ ಹೇಳಿದರು. ಎಸ್ಕೊ ಅಂಬುಜಾರತ್ತ ತಿರುಗಿದರು.

“ನಿಮ್ಮ ಕೆಲಸ?”

“ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು.”

ಎಸ್ಕೊ ತಿರುಮಲೇಶರ ಕಡೆ ನೋಡಿದರು. “ಇವರನ್ನು ಪ್ರಯತ್ನಿಸಿದ್ದೀರಾ?”

ಆಮೇಲೆ ಎದ್ದು ಗ್ಯಾರೇಜಿಗೆ ಕರೆದೊಯ್ದರು. ಅಂಬುಜಾ ಮಂಡಿಯೂರಿ ಟೇಪು ಹಿಡಿದರು. ನಾಲ್ಕು. ನೂರು. ಹದಿನೈದು. ಮಗ್ಗುಲಿನ ತಾರೀಖು ಮೂರು ವರ್ಷ ಹಿಂದಿನದು, ಗೆರೆಗಳಲ್ಲಿ ಬೆರಳ ತುದಿ ಮುಳುಗುವಷ್ಟು ಆಳವಿತ್ತು. ಎಸ್ಕೊ ಹೇಳಿದ ಬೆಲೆ ಎಷ್ಟು ಕಮ್ಮಿಯಿತ್ತೆಂದರೆ ಅಂಬುಜಾ ಇನ್ನೊಮ್ಮೆ ಕೇಳಿದರು. ಮುದುಕರ ಕರಾರು ಒಂದೇ: ಬೇಸಿಗೆಯಲ್ಲಿ ಇವನ್ನು ಓಡಿಸಕೂಡದು, ಅವಕ್ಕೆ ನೋವಾಗುತ್ತದೆ.

ಕೋಸ್ಟಾ ಗಾಲಿ ಕೂರಿಸಿದ. ನಾಲ್ಕೂ ಗಪ್ಪೆಂದು ಕೂತವು. ಅಂಬುಜಾ ಹಿಮಕ್ಕೆ ಕಾದರು. ಮೂರು ವಾರ ಲಂಡನ್ನಿನಲ್ಲಿ ಮೋಡ, ಮಳೆ, ಹನ್ನೆರಡು ಡಿಗ್ರಿ. ಯಾರಿಗೂ ಕೇಡು ಬಯಸದ ಹೆಂಗಸು ಪ್ರತಿದಿನ ಹವಾಮಾನದ ಸುದ್ದಿಯ ಮುಂದೆ ಕೂತು, ಬಿಸಿಲಿನ ಚಿತ್ರ ಬಂದರೆ ಟಿವಿ ಆರಿಸುವಂತಾದರು.

ಡಿಸೆಂಬರ್ ಹದಿನೆಂಟರಂದು ಕಿಟಕಿ ತೆರೆದರೆ ಊರೆಲ್ಲ ಬೆಳ್ಳಗೆ. ಅಂಬುಜಾ ಚಹಾ ಕುಡಿಯದೆ ಹೊರಟರು. ಕರೊಲಾ ಕುಸುಕುಸು ಸದ್ದು ಮಾಡುತ್ತ, ಮೇಲ್ಮುಖವಾಗಿ, ತಾನು ಹೋಗಬೇಕಾದ ಕಡೆಗೇ ಹೋಯಿತು. ದೊಡ್ಡ ರಸ್ತೆಯಲ್ಲಿ ಒಂದೇ ಒಂದು ಕಾರೂ ಚಲಿಸುತ್ತಿರಲಿಲ್ಲ. ಅಂಬುಜಾ ಕಾರಿನೊಳಗೆ ಒಬ್ಬರೇ ನಗುತ್ತ ಆಸ್ಪತ್ರೆ ಮುಟ್ಟಿದರು.

ಆಪರೇಷನ್ ಥಿಯೇಟರಿನಲ್ಲಿ ಯಾರೂ ಇರಲಿಲ್ಲ. ಸರ್ಜನ್ ಇಲ್ಲ, ನರ್ಸ್ ಇಲ್ಲ, ರೋಗಿಯೂ ಇಲ್ಲ. ಮಲಗಿಸುವವರಿದ್ದರು, ಮಲಗುವವರಿರಲಿಲ್ಲ. ಅಂಬುಜಾ ದೀಪ ಹಾಕಿ, ಯಂತ್ರಗಳನ್ನು ಪರೀಕ್ಷಿಸಿ, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತರು. ಆಮೇಲೆ ಫೋನೆತ್ತಿಕೊಂಡರು.

ಮೊದಲು ಟೂಟಿಂಗ್‌ಗೆ ಹೋಗಿ ನರ್ಸ್ ನೀರಜಾಳನ್ನು ಕರೆತಂದರು. ಉಡುಪಿ ಕಡೆಯ ಅವಳು ಬಾಗಿಲಲ್ಲೇ ಕಾದಿದ್ದಳು. “ಎಂತ ಡಾಕ್ಟ್ರೇ, ಹೆಲಿಕಾಪ್ಟರಲ್ಲಿ ಬಂದ್ರಾ?” ಎಂದಳು. ಎರಡನೆಯ ಸಲಕ್ಕೆ ಸರ್ಜನ್ ಮಿಸ್ಟರ್ ಕ್ರಾಫರ್ಡ್. ಆರಡಿ ಎತ್ತರದ ಮನುಷ್ಯ, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತವರು ಮೊದಲ ಇಳಿಜಾರಿನಲ್ಲೇ ಕಣ್ಣು ಮುಚ್ಚಿದರು. ಹಿಂದಿನ ಚಳಿಗಾಲದಲ್ಲಿ ಅವರ ಕಾರು ಕೆರೆಯೊಂದರ ಅಂಚಿಗೆ ಜಾರಿ ನಿಂತಿತ್ತಂತೆ. ದಾರಿಯಲ್ಲೇ ಥಾರ್ನ್‌ಟನ್ ಹೀತ್‌ನಲ್ಲಿ ರೋಗಿಯನ್ನೂ ಹತ್ತಿಸಿಕೊಂಡರು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿದ್ದ ಮಿಸೆಸ್ ಓಡುಯಾ, ನೈಜೀರಿಯಾದವರು, ಅಗಲವಾದ ಮೈ, ಉಪವಾಸದಲ್ಲೂ ಗಟ್ಟಿ ದನಿ. ಪಕ್ಕದಲ್ಲಿ ನಡುಗುತ್ತಿದ್ದವರನ್ನು ನೋಡಿ ಅವರತ್ತ ಸರಿದು ಕೂತರು.

“ಹೆದರಬೇಡ ಮಗನೇ,” ಎಂದು ಕ್ರಾಫರ್ಡರ ಕೈ ಹಿಡಿದುಕೊಂಡರು. “ನನ್ನ ಕಡೆ ನೋಡು. ಜೋರಾಗಿ ಉಸಿರು ಬಿಡು. ನಿನಗೂ ಆಪರೇಷನ್ನೇ?”

“ಇಲ್ಲ,” ಎಂದರು ಕ್ರಾಫರ್ಡ್ ಕಣ್ಣು ಮುಚ್ಚಿಕೊಂಡೇ. “ಆಪರೇಷನ್ ಮಾಡುವವನು.”

“ಯಾರಿಗೆ?”

“ಮಿಸೆಸ್ ಓಡುಯಾ ಅನ್ನುವವರಿಗೆ.”

ಮಿಸೆಸ್ ಓಡುಯಾ ತಾವು ಹಿಡಿದಿದ್ದ ಕೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. “ಡಾಕ್ಟರ್, ಈ ಕೈಯೇ?”

“ಕಾರಿನಿಂದ ಇಳಿದ ಮೇಲೆ ಅದು ನಡುಗುವುದಿಲ್ಲ,” ಎಂದರು ಅಂಬುಜಾ ಕನ್ನಡಿಯಲ್ಲಿ ನೋಡುತ್ತ. “ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ.”

ಹಾಗೇ ಆಯಿತು. ಬಿಸಿನೀರಿನಲ್ಲಿ ಕೈ ತೊಳೆದು ನಿಂತ ಕ್ರಾಫರ್ಡ್ ಬೇರೆಯೇ ಮನುಷ್ಯರಾದರು. ಅಂಬುಜಾ ಮಿಸೆಸ್ ಓಡುಯಾಗೆ ಎಣಿಸಲು ಹೇಳಿದರು. ಅವರು ಎಂಟಕ್ಕೇ ಮಲಗಿಬಿಟ್ಟರು. ಆಪರೇಷನ್ ಒಂದು ಗಂಟೆಯಲ್ಲಿ ಸಲೀಸಾಗಿ ಮುಗಿಯಿತು. ನೀರಜಾ ಹನ್ನೊಂದು ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿಟ್ಟಳು.

ಮಿಸೆಸ್ ಓಡುಯಾ ಕಣ್ಣು ಬಿಟ್ಟಾಗ ಅಂಬುಜಾ ಪಕ್ಕದಲ್ಲೇ ಇದ್ದರು.

“ತಲುಪಿದೆವಾ ಡಾಕ್ಟರ್?”

“ತಲುಪಿದೆವು. ಎಲ್ಲ ಮುಗಿಯಿತು.”

“ಆ ಹುಡುಗ? ಪಾಪ, ಬಹಳ ಹೆದರಿದ್ದ. ಅವನಿಗೇನಾದರೂ ತಿನ್ನಲು ಕೊಡಿ.”

ಸಂಜೆ ನಾಲ್ಕಕ್ಕೆ ಅಂಬುಜಾ ಕಾರಿನ ಗಾಜಿನ ಮೇಲಿನ ಹಿಮ ಒರೆಸಿ, ನೀರಜಾಳನ್ನು ಮುಂದೆ ಕೂರಿಸಿಕೊಂಡು, ಹಿಂದಿನ ಬಾಗಿಲು ತೆರೆದು ಕ್ರಾಫರ್ಡರಿಗೆ ಕಾದರು. ಅವರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮೆಟ್ಟಿಲಿಳಿದು ಬಂದರು. ಕಾರನ್ನು ನೋಡಿದರು, ಅದರ ಗಾಲಿಗಳನ್ನು ಬಗ್ಗಿ ನೋಡಿದರು, ಅವು ಬಹಳ ಚೆನ್ನಾಗಿವೆ ಎಂದು ಮನಸಾರೆ ಹೊಗಳಿದರು. ಆಮೇಲೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ತಮ್ಮ ಮನೆ ಬರೀ ನಾಲ್ಕೂವರೆ ಮೈಲು, ತಾವು ನಡೆದುಕೊಂಡೇ ಹೋಗುವುದಾಗಿ ಹೇಳಿ, ಹಿಮದಲ್ಲಿ ಹೊರಟುಬಿಟ್ಟರು.